ಅಂಚಿನ ಗಿಡಕ್ಕೆ ಬರ್ತೀನಿ ಅಂದದ್ದು

ಜೂನ್ ೪

ಚೌಕಟ್ಟಮ್ಮನವರ ಸನ್ನಿಧಾನಕ್ಕೆ ತಮ್ಮ ಗೀಚಪ್ಪ ತಲೆಬಾಗಿ ಬರೆದುಕೊಳ್ಳುವುದೇನೆಂದರೆ, ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮ ಕ್ಷೇಮ ಸಮಾಚಾರಕ್ಕೆ ಆಗಾಗ ಕಾಗದ ಬರೆಯುತ್ತಿರುವುದು.

ಕಾಗದವೇ ಬರೆಯಬೇಕು, ಏಕೆಂದರೆ ಈ ಬಿಡಾರದಲ್ಲಿ ಫೋನು ಗಡಿಯಾರದ ಕೆಲಸ ಬಿಟ್ಟು ಬೇರೇನೂ ಮಾಡುವುದಿಲ್ಲ. ಬಿಡಾರವೆಂದರೆ ಎರಡು ಕೋಣೆ, ತಗಡಿನ ಮಾಡು, ಒಂದು ಕಾಲು ಗಿಡ್ಡವಾದ ಮೇಜು. ಆ ಕಾಲಿನ ಕೆಳಗೆ ನನಗಿಂತ ಮೊದಲು ಇಲ್ಲಿದ್ದ ಯಾರೋ ಮಹನೀಯರು ತಮ್ಮ ಸಂಶೋಧನೆಯನ್ನೇ ಮಡಚಿ ಇಟ್ಟುಹೋಗಿದ್ದಾರೆ. ಆ ಸಂಶೋಧನೆಯಿಂದ ಲೋಕಕ್ಕೆ ಆದ ಉಪಕಾರ ಅಷ್ಟೇ ಇರಬೇಕು. ಜೊತೆಗಿರುವವರು ಅಡುಗೆಯವರು, ಕಾವಲೂ ಅವರದೇ. ಮಾತಿಗೆ ತೆರಿಗೆ ಹಾಕಿದ್ದಾರೇನೋ ಎಂಬಂತೆ ಬದುಕುವವರು. ಉಪ್ಪು ಎಲ್ಲಿ ಎಂದು ಕೇಳಿದರೆ ಉಪ್ಪಿನ ಡಬ್ಬಿಯ ಕಡೆ ನೋಡುತ್ತಾರೆ, ಅಷ್ಟೇ.

ಇನ್ನು ನಾನು ಬಂದ ಘನಕಾರ್ಯ. ಮೇಡಂ ಅವರ ಅಪರೂಪದ ಗಿಡಗಳ ಪುಸ್ತಕಕ್ಕೆ ಒಂದೇ ಒಂದು ಚಿತ್ರ ಬಾಕಿ ಇತ್ತಲ್ಲ, ಆ ಗಿಡದ ದರ್ಶನವಾಯಿತು. ಅದಕ್ಕೊಂದು ಶಾಸ್ತ್ರೀಯ ಹೆಸರಿದೆ. ಉಚ್ಚರಿಸಲು ಹೋದರೆ ಸೀನು ಬರುತ್ತದೆ. ಅಡುಗೆಯವರು ಅದನ್ನು ಅಂಚಿನ ಗಿಡ ಎನ್ನುತ್ತಾರೆ. ನನ್ನ ಸೊಂಟದೆತ್ತರ, ವರ್ಷವಿಡೀ ಹಸಿರು, ಎಣ್ಣೆ ಒರೆಸಿದಂತೆ ಹೊಳೆಯುವ ಎಲೆ. ದಟ್ಟ ಕಾಡಿನೊಳಗೂ ಬೆಳೆಯದು, ಬಯಲಿಗೂ ಬಾರದು. ಕಾಡು ಮುಗಿದು ಬಯಲು ಶುರುವಾಗುವ ಗೆರೆ ಇದೆಯಲ್ಲ, ಆ ಗೆರೆಯ ಮೇಲೆ ಮಾತ್ರ ಇದರ ಸಂಸಾರ. ಹೊಸಿಲ ಮೇಲೆ ಕೂರಬೇಡಿ ಎಂದು ಅಮ್ಮ ನಮ್ಮನ್ನು ಎಬ್ಬಿಸುತ್ತಿದ್ದಳು. ಇದನ್ನು ಎಬ್ಬಿಸುವವರು ಇರಲಿಲ್ಲ. ಈ ಸೀಮೆಯಲ್ಲಿ ಕಣ್ಣಿಗೆ ಬಿದ್ದಿರುವುದು ಇದೊಂದೇ, ಹಳ್ಳದ ಆಚೆ.

ಮೊದಲ ದಿನ ಗಿಡದ ಅಳತೆ ತೆಗೆದುಕೊಂಡು ಹೊರಡುವಾಗ ಬಾಯಿ ತಪ್ಪಿ ಅದಕ್ಕೆ "ಬರ್ತೀನಿ" ಎಂದುಬಿಟ್ಟೆ. ನಮ್ಮ ಮನೆಯ ಅಭ್ಯಾಸ ನಿನಗೆ ಗೊತ್ತೇ ಇದೆ. ನಗುತ್ತ ತಿರುಗಿದರೆ ಅಡುಗೆಯವರ ಮುಖದಲ್ಲಿ ನಗೆಯಿಲ್ಲ.

"ಅದಕ್ಯಾಕೆ ಹೇಳಿದ್ರಿ?" ಎಂದರು. ಇಲ್ಲಿಯವರೆಗೆ ಅವರಾಡಿದ ಅತಿ ಉದ್ದದ ಮಾತು.

ಅದು ಹೂ ಬಿಟ್ಟ ಕೂಡಲೇ ಚಿತ್ರ ಮುಗಿಸಿ, ನಿನ್ನ ಕೈ ಆಪರೇಷನ್ನಿಗೆ ಮೊದಲೇ ಬಂದು ನಿನ್ನ ಚೌಕಟ್ಟಿನ ಅಂಗಡಿಯಲ್ಲಿ ಕೂರುತ್ತೇನೆ. ಗಾಜು ಕೊಯ್ಯುತ್ತೇನೆ, ಬೆರಳು ಕೊಯ್ದುಕೊಳ್ಳುತ್ತೇನೆ, ಗಿರಾಕಿಗಳ ಹತ್ತಿರ ಬೈಸಿಕೊಳ್ಳುತ್ತೇನೆ, ಎಲ್ಲ.

ಇತಿ ನಿನ್ನ
ಗೀಚಪ್ಪ

ಜೂನ್ ೧೭

ಚಿರಂಜೀವಿ ಗೀಚಪ್ಪನಿಗೆ ಅಕ್ಕನ ಆಶೀರ್ವಾದ, ಜೊತೆಗೆ ಬೈಗುಳ.

"ನಾವೆಲ್ಲ ಇಲ್ಲಿ ಕ್ಷೇಮ" ಎಂದು ಬರೆದಿದ್ದೀಯ. ಯಾರಪ್ಪ ಈ ನಾವೆಲ್ಲ? ಅಡುಗೆಯವರು ಬಾಯೇ ಬಿಡುವುದಿಲ್ಲ ಎನ್ನುತ್ತೀಯ, ಅವರ ಕ್ಷೇಮ ನಿನಗೆ ಹೇಗೆ ತಿಳಿಯಿತು? ಇನ್ನುಳಿದದ್ದು ಗಿಡ. ಒಂಟಿಯಾಗಿರುವವರು ಒಂಟಿಯಾಗಿಯೇ ಕ್ಷೇಮವಾಗಿರಬೇಕು. ನನ್ನನ್ನು ನೋಡಿ ಕಲಿ. ನಾನು ಇಲ್ಲಿ ಕ್ಷೇಮ.

ಪೂರ್ತಿ ಕ್ಷೇಮ ಎಂದರೆ ಸುಳ್ಳಾದೀತು. ವಜ್ರದ ಮೊನೆ ಹಿಡಿದು ಗಾಜಿನ ಮೇಲೆ ಗೆರೆ ಎಳೆದರೆ ಗೆರೆ ನನ್ನ ಮಾತು ಕೇಳದೆ ತನ್ನ ತವರಿನ ಕಡೆ ಹೋಗುತ್ತದೆ. ಮಣಿಕಟ್ಟಿನಿಂದ ಬೆರಳಿನವರೆಗೆ ಜೋಮು. ಸೆಪ್ಟೆಂಬರಿನಲ್ಲಿ ಆಪರೇಷನ್ ಎಂದು ಡಾಕ್ಟರು ಗೊತ್ತು ಮಾಡಿದ್ದಾರೆ. ಇನ್ನೂ ಮುಂದಕ್ಕೆ ಹಾಕಿದರೆ ಈ ಕೈ ಚಮಚ ಹಿಡಿಯುವುದಕ್ಕೂ ಬಾರದು ಎಂದು ಖಡಾಖಂಡಿತವಾಗಿ ಹೇಳಿದರು. ಆಮೇಲೆ ಒಂದು ತಿಂಗಳು ನಾನು ಏನನ್ನೂ ಮುಟ್ಟುವಂತಿಲ್ಲ. ಅಂಗಡಿ ಮುಚ್ಚಿದರೆ ಎದುರುಗಡೆಯ ಹೊಸ ಚೌಕಟ್ಟಿನವನು ನನ್ನ ಗಿರಾಕಿಗಳನ್ನೆಲ್ಲ ಬಾಚಿಕೊಳ್ಳುತ್ತಾನೆ. ಆದ್ದರಿಂದ ಹೂ ಬಿಟ್ಟರೂ ಸರಿ, ಬಿಡದಿದ್ದರೂ ಸರಿ, ನೀನು ಬರಬೇಕು.

ಗಿಡಕ್ಕೆ ಬರ್ತೀನಿ ಎಂದೆಯಲ್ಲ, ಓದಿ ಒಬ್ಬಳೇ ನಕ್ಕೆ. ಅಪ್ಪನ ಪ್ರತಾಪ ಅದು. ಅಂಗಿಯ ಗುಂಡಿ ಹಾಕಿಕೊಳ್ಳುತ್ತ "ಹೋಗ್ತೀನಿ" ಎಂದ, ಹೋದ. ನಮ್ಮ ಮನೆತನದಲ್ಲಿ ಆಡಿದ ಮಾತು ಉಳಿಸಿಕೊಂಡವನು ಅವನೊಬ್ಬನೇ. ಅವತ್ತಿನಿಂದ ಅಮ್ಮ ಆ ಪದವನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಬಚ್ಚಲಿಗೆ ಹೋಗುವಾಗಲೂ ಬರ್ತೀನಿ ಎಂದು ಹೇಳಿಯೇ ಹೋಗಬೇಕಿತ್ತು. ನಾನು ಈಗಲೂ ಸಂಜೆ ಬೀಗ ಹಾಕುವಾಗ ಗೋಡೆಯ ಮೇಲಿನ ಖಾಲಿ ಚೌಕಟ್ಟುಗಳಿಗೆಲ್ಲ ಬರ್ತೀನಿ ಎಂದು ಹೇಳಿ ಬಾಗಿಲೆಳೆಯುತ್ತೇನೆ. ಅವು ಮರ್ಯಾದೆಯಿಂದ ಸುಮ್ಮನಿರುತ್ತವೆ. ನೀನೋ, ಚಿತ್ರ ಬರೆಯುವಾಗ ಯಾರು ಏನೇ ಹೇಳಿದರೂ ತಲೆ ಎತ್ತದೆ ಮೂಗಿನಲ್ಲೇ "ಹೂಂ" ಎನ್ನುವವನು. ಮನೆಗೆ ಬೆಂಕಿ ಬಿದ್ದಿದೆ ಎಂದರೂ ಹೂಂ, ಆರಿತು ಎಂದರೂ ಹೂಂ.

ಅಂಚು ಕಟ್ಟುವುದು ನನ್ನ ಕಸುಬು. ನಿನ್ನ ಅಂಚಿನ ಗಿಡದ ಒಂದು ಎಲೆಯನ್ನು ಅಂಚೆಯಲ್ಲಿ ಕಳಿಸು, ಗಾಜು ಹಾಕಿ ಕೊಡುತ್ತೇನೆ.

ಇತಿ
ಅಕ್ಕ

ಜುಲೈ ೫

ಅಕ್ಕನಿಗೆ,

ನಾವಿಲ್ಲಿ ಕ್ಷೇಮ. ಬೈಯಬೇಡ, ಕೈಯ ರೂಢಿ.

ಎಲೆ ಕಳಿಸಿದ್ದೇನೆ. ಅದರಲ್ಲೊಂದು ತೂತಿದೆ ನೋಡು, ಅಲ್ಪವಿರಾಮದ ಆಕಾರದ್ದು. ಯಾವುದೋ ಹುಳು ವಾಕ್ಯ ಮುಗಿಸದೆ ಎದ್ದುಹೋದ ಹಾಗಿದೆ. ಈ ಗಿಡದಲ್ಲಿ ಅಂಥ ತೂತಿನ ಎಲೆಗಳು ಹಲವು ಇವೆ, ಎಲ್ಲವೂ ಒಂದೇ ಅಚ್ಚು. ನಾನು ಎಲೆ ಎಲೆಯನ್ನೂ ಅಳೆದು ಬರೆಯುವವನಾದ್ದರಿಂದ ಈಗ ಇದರ ಮೈಯ ಗುರುತುಗಳೆಲ್ಲ ನನಗೆ ಬಾಯಿಪಾಠ.

ಅದಕ್ಕೇ ಒಂದು ತೊಡಕಾಗಿದೆ. ಗಿಡ ಈಗ ಹಳ್ಳದ ಆಚೆ ಇಲ್ಲ. ಈಚೆ ಇದೆ, ಬಿಡಾರದ ಬೇಲಿಗೆ ತಾಗಿ. ನಾನೇ ಮೊದಲು ತಪ್ಪು ನೋಡಿದ್ದೆ ಎಂದುಕೊಂಡೆ. ಮೇಡಂ ಅವರಿಗೆ ಬರೆದರೆ, "ಅದು ಬೇರೆ ಗಿಡ, ಸರಿಯಾಗಿ ನೋಡಿ" ಎಂದು ಉತ್ತರ ಬಂತು. ಸರಿಯಾಗಿ ನೋಡುವುದೊಂದೇ ನನಗೆ ಬರುವ ವಿದ್ಯೆ. ಅದೇ ಗಿಡ, ಅದೇ ಕೊಂಬೆ, ಅದೇ ಅಲ್ಪವಿರಾಮ. ಹಳ್ಳದ ಆಚೆ ಹೋಗಿ ನೋಡಿದೆ. ಅಲ್ಲಿ ಕಿತ್ತ ಗುಂಡಿಯೂ ಇಲ್ಲ, ಗಿಡವೂ ಇಲ್ಲ.

ಅಡುಗೆಯವರನ್ನು ಕೇಳಿದೆ, ಗಿಡ ಎಲ್ಲಾದರೂ ನಡೆಯುತ್ತದೆಯೇ ಎಂದು. ಅವರು ಒಲೆ ಊದುತ್ತ ಹೇಳಿದರು, "ಗಿಡ ನಡೆಯಲ್ಲ ಸ್ವಾಮಿ. ಅಂಚು ನಡೆಯುತ್ತೆ."

ಯೋಚಿಸಿದರೆ ತರ್ಕಬದ್ಧವಾಗಿಯೇ ಇದೆ. ಕಾಡಿನ ಅಂಚಿನಲ್ಲಿ ಮಾತ್ರ ಬೆಳೆಯುವ ಗಿಡ ನಮ್ಮ ಬೇಲಿಯಲ್ಲಿದ್ದರೆ ಕಾಡಿನ ಅಂಚು ಈಗ ನಮ್ಮ ಬೇಲಿ. ಬೇಲಿಯ ಆಚೆಗಿದ್ದ ಹುಲ್ಲಿನಲ್ಲಿ ಈಗ ಮೊಣಕಾಲೆತ್ತರದ ಮರಗಳು ಎದ್ದಿರುವುದೂ ನಿಜ. ದೂರದ ನಡಿಗೆ ತಪ್ಪಿತು, ಕುರ್ಚಿ ಹಾಕಿಕೊಂಡು ಚಿತ್ರ ಬರೆಯುತ್ತೇನೆ. ದಿನದ ಕೆಲಸ ಮುಗಿಸಿ ಏಳುವಾಗ ಬರ್ತೀನಿ ಎನ್ನುತ್ತೇನೆ. ಅಷ್ಟು ದೂರದಿಂದ ಬಂದವರಿಗೆ ಒಂದು ಮಾತು ಬೇಡವೇ? ಇನ್ನೂ ಹೂ ಬಿಟ್ಟಿಲ್ಲ. ಹೂವೂ ಇಲ್ಲ, ಹೂಂ ಕೂಡ ಇಲ್ಲ.

ಗೀಚಪ್ಪ

ಜುಲೈ ೧೯

ಗೀಚಪ್ಪ,

ಕನ್ನಡಕದ ನಂಬರು ಬದಲಾಯಿಸು. ಇದು ಅಕ್ಕನ ಸಲಹೆ, ಬಿಟ್ಟಿ.

ಎಲೆ ಬಂತು. ಅಂಚೆಯ ಚೀಲದಲ್ಲಿ ಅಷ್ಟು ದಿನ ಉಸಿರುಗಟ್ಟಿ ಕೂತರೂ ಈಗ ತಾನೇ ಕಿತ್ತ ಹಾಗಿತ್ತು. ಒಣಗಿಸೋಣವೆಂದು ದಪ್ಪ ರಟ್ಟುಗಳ ನಡುವೆ ಇಟ್ಟು ಮೇಲೆ ಇಸ್ತ್ರಿ ಪೆಟ್ಟಿಗೆ ಹೇರಿದೆ. ದಿನಗಟ್ಟಲೆ ಕಾದು ತೆಗೆದರೆ ರಟ್ಟು ಒದ್ದೆ, ಎಲೆ ಮೊದಲಿನ ಹಾಗೆಯೇ. ಸರಿ, ಹಸಿರಾಗಿಯೇ ಇರು ತಾಯಿ ಎಂದು ಬಿಳಿ ರಟ್ಟಿಗೆ ಅಂಟಿಸಿ, ತೇಗದ ಪಟ್ಟಿ ಕಟ್ಟಿ, ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ತೂಗುಹಾಕಿದೆ.

ಈಗ ನನ್ನದೊಂದು ದೂರು. ಆ ಗಾಜು ಮಂಜಾಗುತ್ತದೆ. ಹೊರಗಲ್ಲ, ಒಳಗಡೆ. ಒರೆಸಲು ಬಟ್ಟೆ ಹಿಡಿದರೆ ಬಟ್ಟೆಗೆ ಸಿಗುವುದಿಲ್ಲ. ಬೆಳಿಗ್ಗೆ ಬಾಗಿಲು ತೆರೆದಾಗ ತಿಳಿಯಾಗಿರುತ್ತದೆ, ನಾನು ಬಂದು ಎದುರು ಕೂತ ಮೇಲೆ ನಿಧಾನವಾಗಿ ಮಂಜು ಕಟ್ಟುತ್ತದೆ, ಆಮೇಲೆ ಬಿಡುತ್ತದೆ, ಮತ್ತೆ ಕಟ್ಟುತ್ತದೆ. ಹಲ್ಲಿನ ಡಾಕ್ಟರು ತಮ್ಮ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಲು ಬಂದವರು ಅದನ್ನೇ ದಿಟ್ಟಿಸಿ, "ಇದ್ಯಾವ ಮಷಿನ್ನು ಮೇಡಂ, ಚೆನ್ನಾಗಿದೆ" ಎಂದರು. ಆಮದು ಮಾಡಿದ್ದು ಎಂದೆ. ನನ್ನ ಸರ್ವೀಸಿನಲ್ಲಿ ಒಂದು ಚೌಕಟ್ಟೂ ಒಳಗಿನಿಂದ ಉಸಿರಾಡಿದ್ದಿಲ್ಲ. ಚೌಕಟ್ಟು ಹಾಕುವುದೇ ಒಳಗಿರುವುದು ಇನ್ನು ಅಲ್ಲಾಡದಿರಲಿ ಎಂದು.

ಆಗಸ್ಟಿನಲ್ಲಿ ಬಂದುಬಿಡು. ಮೊನ್ನೆ ಕತ್ತರಿ ಕೈಯಿಂದ ಜಾರಿ ಯಾರದೋ ಮದುವೆ ಫೋಟೋದಲ್ಲಿ ವರನ ಮೂಗಿನ ಮೇಲೆ ಬಿತ್ತು. ಅವರಿಗಿನ್ನೂ ಹೇಳಿಲ್ಲ.

ಇತಿ
ಅಕ್ಕ

ಆಗಸ್ಟ್ ೬

ಪ್ರೀತಿಯ ಅಕ್ಕ,

ನಾವು ಕ್ಷೇಮ. ಮೊಗ್ಗು ಬಂದಿದೆ. ಬೆಳ್ಳಗೆ, ಅಕ್ಕಿ ಕಾಳಿನ ಗಾತ್ರ. ಮೂಗು ಹತ್ತಿರ ಒಯ್ದರೆ ಶಾಲೆಯಲ್ಲಿ ಒದ್ದೆ ಬಟ್ಟೆಯಿಂದ ಸ್ಲೇಟು ಒರೆಸಿದಾಗ ಬರುತ್ತಿದ್ದ ವಾಸನೆ. ನಿನಗೆ ನೆನಪಿರಬೇಕು, ನನ್ನ ತಪ್ಪು ಲೆಕ್ಕಗಳನ್ನೆಲ್ಲ ಒರೆಸುತ್ತಿದ್ದವಳು ನೀನೇ.

ಗಿಡ ಈಗ ಜಗುಲಿಯ ಮೆಟ್ಟಿಲ ಪಕ್ಕ ಇದೆ. ನೋಡಲು ಕನ್ನಡಕವೇ ಬೇಡ. ಬೆಳಿಗ್ಗೆ ನಾವು ಬಿಸಿಲಿಗೆ ಮುಖ ಮಾಡಿ ಕೂರುತ್ತೇವೆ. ಬಿಸಿಲು ಸರಿದ ಹಾಗೆ ನಾವೂ ಸ್ವಲ್ಪ ಸರಿಯುತ್ತೇವೆ. ಬಹಳ ನೆಮ್ಮದಿಯ ಕೆಲಸ. ಮನುಷ್ಯರು ಇದನ್ನು ಯಾಕೆ ಬಿಟ್ಟರೋ ತಿಳಿಯದು. ಅಡುಗೆಯವರು ಊಟಕ್ಕೆ ಕರೆದರೆ ನನಗೆ ಹಸಿವೇ ಇರುವುದಿಲ್ಲ, ನೀರು ಮಾತ್ರ ಸಾಕಾಗುತ್ತದೆ.

ನೀನು ಬೈಯುತ್ತೀಯೆಂದು ಕಳೆದ ವಾರ ಹೊರಟಿದ್ದೆ. ನಿಜವಾಗಿ. ಚಿತ್ರ ಹೋಗಲಿ, ಅಕ್ಕನ ಕೈ ಮುಖ್ಯ ಎಂದು ಚೀಲ ಹೆಗಲಿಗೆ ಹಾಕಿ ಬಸ್ ನಿಲ್ದಾಣದವರೆಗೆ ನಡೆದೆ. ಬಸ್ಸೂ ಬಂತು, ಕಂಡಕ್ಟರು ಬಾಗಿಲೂ ತೆಗೆದರು. ಒಂದು ಕಾಲು ಮೇಲಿಟ್ಟಾಗ ನೆನಪಾಯಿತು, ಹೊರಡುವಾಗ ಗಿಡಕ್ಕೆ ಬರ್ತೀನಿ ಎಂದು ಹೇಳಿ ಬಂದಿದ್ದೇನೆ ಎಂದು. ಜನರಿಗೆ ಹೇಳಿದರೆ ಅದು ಬರೀ ಮಾತು, ಯಾರೂ ಕಾಯುವುದಿಲ್ಲ. ಇದು ಕಾಯುತ್ತದೆ, ಅಕ್ಕ. ನಾವು ದಿನಕ್ಕೆ ಎಷ್ಟು ಸಲ ಹಾಗೆಂದು ಹೇಳುತ್ತೇವೋ ಅಷ್ಟನ್ನೂ ಇದು ನಿಜವೆಂದೇ ತಿಳಿದಿದೆ. ಕಾಲು ಇಳಿಸಿದೆ. ಕಂಡಕ್ಟರು ನನ್ನ ಏಳು ತಲೆಮಾರಿನ ಬಗ್ಗೆ ಏನೋ ಹೇಳಿ ಸೀಟಿ ಊದಿದರು.

ತಿರುಗಿ ಬರುವಾಗ ದಾರಿ ಮೊದಲಿಗಿಂತ ಗಿಡ್ಡವಾಗಿತ್ತು.

ಗೀಚಪ್ಪ

ಆಗಸ್ಟ್ ೧೪

ಗೀಚಪ್ಪ,

ಕಾಗದ ಓದಿ ಅರ್ಧ ದಿನ ಅಂಗಡಿ ಮುಚ್ಚಿದೆ. ನಗುವುದಕ್ಕೆ ಏನಾದರೂ ಸಿಗುತ್ತದೇನೋ ಎಂದು ಮತ್ತೆ ಓದಿದೆ. ಕಂಡಕ್ಟರು ಒಬ್ಬರೇ ಸಿಕ್ಕಿದರು.

ಕೇಳು. ಆ ಗಿಡಕ್ಕೆ ತಮಾಷೆ ತಿಳಿಯುವುದಿಲ್ಲ, ಮರ್ಯಾದೆಯ ಮಾತೂ ತಿಳಿಯುವುದಿಲ್ಲ. ಆಡಿದ್ದನ್ನು ಆಡಿದ ಹಾಗೇ ಹಿಡಿದುಕೊಳ್ಳುವ ಜಾತಿ. ಅಂಥವರ ಹತ್ತಿರ ಅಪ್ಪನ ಭಾಷೆಯೇ ಸರಿ. ಈ ಕಾಗದ ತಲುಪಿದ ಕೂಡಲೇ ಚೀಲ ಹಾಕಿಕೊಂಡು ಅದರ ಮುಂದೆ ನಿಂತು, ಅಮ್ಮ ಮೇಲಿಂದ ನೋಡಿ ಬೈದರೂ ಬೈಯಲಿ, "ಹೋಗ್ತೀನಿ" ಎಂದು ಬಿಡು. ಹಿಂದೆ ಮುಂದೆ ಏನೂ ಸೇರಿಸಬೇಡ. ಹೋಗಿ ಬರ್ತೀನಿ ಎಂದು ಬಾಲ ಅಂಟಿಸಬೇಡ. ಹೇಳಿ, ತಿರುಗಿ ನೋಡದೆ ಬಸ್ಸು ಹತ್ತು. ಅಪ್ಪ ಹಾಗೇ ಮಾಡಿದ್ದು. ಅವನು ನಮಗೆ ಕಲಿಸಿಹೋದ ಒಂದೇ ವಿದ್ಯೆ, ಒಂದು ಸಲ ಉಪಯೋಗಕ್ಕೆ ಬರಲಿ.

ಇಲ್ಲಿಯ ಎಲೆಯ ತೊಟ್ಟಿನಿಂದ ಬಿಳಿ ದಾರದಂಥದ್ದು ಇಳಿದು ರಟ್ಟಿನೊಳಗೆ ಹೋಗಿದೆ. ಅದನ್ನು ಬೇರು ಎಂದು ಕರೆಯಲು ನನಗೆ ಇಷ್ಟವಿಲ್ಲ. ನೀನು ಬಂದು ಹೆಸರಿಡು.

ಇತಿ
ಅಕ್ಕ

ಆಗಸ್ಟ್ ೩೦

ಚೌಕಟ್ಟಿನ ಅಂಗಡಿಯ ಅಮ್ಮನವರಿಗೆ ಬಿಡಾರದ ಅಡುಗೆಯವನು ಮಾಡುವ ನಮಸ್ಕಾರಗಳು.

ನನಗೆ ಬರೆದು ರೂಢಿಯಿಲ್ಲ. ತಪ್ಪಿದ್ದರೆ ಮನ್ನಿಸಬೇಕು. ಆದರೆ ಹೇಳಬೇಕಾದವನು ನಾನೇ, ಏಕೆಂದರೆ ನೋಡಿದವನು ನಾನೊಬ್ಬನೇ.

ತಮ್ಮ ಕಾಗದ ಬಂದ ದಿನ ತಮ್ಮನವರು ಓದಿ ನಕ್ಕರು. ನಕ್ಕದ್ದು ಬಹಳ ದಿನಗಳ ಮೇಲೆ. ಮಾರನೆಯ ಬೆಳಿಗ್ಗೆ ಚಿತ್ರ ಮುಗಿಸಿ ಸುತ್ತಿಟ್ಟರು. ಆಗಿನ್ನೂ ಗಿಡದಲ್ಲಿ ಮೊಗ್ಗೇ ಇತ್ತು, ಆದರೂ ಚಿತ್ರದಲ್ಲಿ ಹೂವು ಇತ್ತು. ಆಮೇಲೆ ಚೀಲ ಹಾಕಿಕೊಂಡು ಮೆಟ್ಟಿಲಿಳಿದು ಗಿಡದ ಮುಂದೆ ನಿಂತರು. ಹೇಳಲು ಬಾಯಿ ತೆರೆದರು. ಮತ್ತೆ ಮುಚ್ಚಿದರು. ಆಮೇಲೆ ಬೆನ್ನು ಗಿಡಕ್ಕೆ ಮಾಡಿ ನನ್ನ ಕಡೆ ತಿರುಗಿ "ಹೋಗ್ತೀನಿ" ಅಂದರು.

ಅಮ್ಮ, ಅವರು ಯಾವತ್ತೂ ನನಗೆ ಬರ್ತೀನಿ ಅನ್ನುವವರು. ಹಳ್ಳಕ್ಕೆ ಹೋಗುವಾಗಲೂ ಹಾಗೇ. ಊರಿಗೆ ಹೊರಟಿದ್ದಾರೆ, ಅದಕ್ಕೇ ಹೀಗೆ ಅಂದರು ಎಂದು ತಿಳಿದು ದಾರಿಗೆ ಬುತ್ತಿ ತರಲು ಒಳಗೆ ಹೋದೆ. ಹೊರಗೆ ಬಂದಾಗ ಚೀಲ ಮೆಟ್ಟಿಲ ಮೇಲಿತ್ತು. ಅವರು ಇರಲಿಲ್ಲ. ಮೆಟ್ಟಿಲ ಪಕ್ಕದ ಗಿಡವೂ ಇರಲಿಲ್ಲ. ಮಣ್ಣು ಕದಡಿರಲಿಲ್ಲ.

ಪೊಲೀಸರು ಬಂದರು, ಮೇಡಂ ಬಂದರು, ಎಲ್ಲರೂ ಹುಡುಕಿದರು. ಬಸ್ಸಿನವರು ನೋಡಿಲ್ಲ ಎಂದರು. ನಾನು ಹಳ್ಳ ದಾಟಿ ನೋಡಿದೆ. ಗಿಡ ತನ್ನ ಮೊದಲಿನ ಜಾಗದಲ್ಲೇ ಇದೆ, ಮೈತುಂಬ ಹೂ ಬಿಟ್ಟಿದೆ. ಕಾಡಿನ ಅಂಚೂ ಮೊದಲಿನ ಹಾಗೆ ಹಳ್ಳದ ಆಚೆಗೇ ಸರಿದಿದೆ. ಕರೆಯಲು ಬಂದವರು ಕರೆದುಕೊಂಡು ಮನೆಗೆ ಹೋದ ಹಾಗೆ ಕಂಡಿತು. ಇದನ್ನು ಪೊಲೀಸರಿಗೆ ಹೇಳಲಿಲ್ಲ.

ಚಿತ್ರ ಕಳಿಸಿದ್ದೇನೆ. ಪುಸ್ತಕಕ್ಕೆ ನೋಡಿಕೊಂಡೇ ಬರೆದ ಚಿತ್ರ ಬೇಕು, ಇದು ತಮಗೇ ಇರಲಿ ಎಂದು ಮೇಡಂ ಹೇಳಿದರು.

ಇಂತಿ
ಬಿಡಾರದ ಅಡುಗೆಯವನು

ಸೆಪ್ಟೆಂಬರ್ ೧೦

ಪ್ರೀತಿಯ ಗೀಚಪ್ಪನಿಗೆ,

ಈ ಕಾಗದವನ್ನು ಬಿಡಾರದ ವಿಳಾಸಕ್ಕೇ ಹಾಕುತ್ತಿದ್ದೇನೆ. ಹಳ್ಳದ ಆಚೆ ಹೋಗಿ ಗಟ್ಟಿಯಾಗಿ ಓದಿ ಹೇಳಿ ಎಂದು ಅಡುಗೆಯವರಿಗೆ ಬೇರೆ ಚೀಟಿ ಇಟ್ಟಿದ್ದೇನೆ. ಪಾಪ, ಅವರಿಗೆ ಒಂದು ವರ್ಷಕ್ಕಾಗುವಷ್ಟು ಮಾತು ಒಂದೇ ದಿನಕ್ಕೆ ಖರ್ಚಾಗುತ್ತದೆ.

ನಾನು ಹೇಳಿಕೊಟ್ಟ ಪದ ಸರಿಯಾಗಿಯೇ ಇತ್ತು. ನೀನು ಹೇಳಬೇಕಾದವರಿಗೆ ಬಿಟ್ಟು ಬೇರೆಯವರಿಗೆ ಹೇಳಿದೆ. ಚಿಕ್ಕಂದಿನಲ್ಲೂ ಹಾಗೇ. ಮೇಷ್ಟ್ರಿಗೆ ಕೊಡು ಎಂದು ಕಳಿಸಿದ ಕಾಗದವನ್ನು ಮೇಷ್ಟ್ರ ಹೆಂಡತಿಗೆ ಕೊಟ್ಟು ಬಂದವನು ನೀನು.

ಚಿತ್ರ ಬಂತು. ನೀನು ಈವರೆಗೆ ಬರೆದದ್ದರಲ್ಲೆಲ್ಲ ಚೆನ್ನಾದದ್ದು. ಸಹಿಯ ಜಾಗದಲ್ಲಿ ನಿನ್ನ ಹೆಸರಿಲ್ಲ, "ನಾವು" ಎಂದು ಬರೆದಿದ್ದೀಯ. ಯಾರಪ್ಪ ಈ ನಾವು ಎಂದು ಈ ಸಲ ಕೇಳಲಿಲ್ಲ.

ಎಲೆಯ ಚೌಕಟ್ಟನ್ನು ಇಳಿಸಿ ಮೋರಿಗೆ ಎಸೆಯೋಣವೆಂದು ಹೋದ ವಾರ ಎರಡೂ ಕೈಯಲ್ಲಿ ಹಿಡಿದೆಳೆದೆ. ಬರಲಿಲ್ಲ. ದಾರ ರಟ್ಟು ದಾಟಿ ಗೋಡೆಯೊಳಗೆ ಹೋಗಿದೆ. ಈಗ ಎರಡನೆಯ ಎಲೆ ಬಿಚ್ಚಿದೆ. ಅದರಲ್ಲೂ ಅಲ್ಪವಿರಾಮ ಇದೆ, ಬಿಚ್ಚುವಾಗಲೇ ಇತ್ತು. ಗಾಜಿನೊಳಗೆ ಯಾವ ಹುಳು ಬಂದು ಕಡಿಯಿತು? ಕಾಡಿನ ಅಂಚು ಬಿಟ್ಟು ಬೇರೆಲ್ಲೂ ಬೆಳೆಯದ ಗಿಡ ಎಂದು ನೀನೇ ಬರೆದಿದ್ದೆ. ಹಾಗಾದರೆ ನನ್ನ ಗೋಡೆಯ ಆಚೆ ಇರುವುದು ಏನು? ಇಷ್ಟು ವರ್ಷ ಚಪ್ಪಲಿ ಅಂಗಡಿ ಇತ್ತು. ಮೊನ್ನೆ ಹೋಗಿ ನೋಡಿದೆ, ಚಪ್ಪಲಿಗಳೇ ಇದ್ದವು. ನಿನ್ನೆ ಹೋಗಿ ನೋಡಲಿಲ್ಲ.

ಇವತ್ತು ನನ್ನ ಆಪರೇಷನ್ ದಿನ. ನಿನ್ನೆ ಸಂಜೆ ಆಸ್ಪತ್ರೆಗೆ ಹೊರಡುವವಳು ಬಟ್ಟೆಯ ಚೀಲ ಹಿಡಿದು, ಬೀಗ ಹಿಡಿದು, ಬಾಗಿಲಲ್ಲಿ ನಿಂತೆ. ಅಂಗಡಿ ಒಂದು ತಿಂಗಳು ಮುಚ್ಚಿರುತ್ತದೆ, ಏನಾದರೂ ಹೇಳಿ ಹೊರಡಬೇಕಲ್ಲ. ಹೋಗ್ತೀನಿ ಎಂದು ಗೋಡೆಗೆ ಮುಖ ಮಾಡಿಯೇ ಹೇಳಬೇಕೆಂದು ಮನೆಯಿಂದ ದಾರಿಯುದ್ದಕ್ಕೂ ಬಾಯಲ್ಲಿ ಉರುಹೊಡೆದುಕೊಂಡು ಬಂದಿದ್ದೆ. ಗಾಜು ಮಂಜಾಗಿತ್ತು. ಇಡೀ ಅಂಗಡಿ ಒದ್ದೆ ಸ್ಲೇಟಿನ ವಾಸನೆ. ಅಪ್ಪನ ಹಾಗೆ ನೆಟ್ಟಗೆ ನಿಂತು ಬಾಯಿ ತೆರೆದೆ.

"ಬರ್ತೀನಿ" ಎಂದಿತು ನನ್ನ ಬಾಯಿ.

ಗಲ್ಲಾಪೆಟ್ಟಿಗೆಯ ಹಿಂದಿನಿಂದ, ತಲೆ ಎತ್ತದೆ ಮೂಗಿನಲ್ಲೇ ಹೇಳಿದ ಹಾಗೆ, "ಹೂಂ" ಎಂದು ಕೇಳಿಸಿತು.

ನಿನ್ನ ಹೂಂ ಯಾವುದು, ಬೇರೆಯವರದ್ದು ಯಾವುದು ಎಂದು ನನಗೆ ಗೊತ್ತಾಗುವುದಿಲ್ಲವೇ? ಅಷ್ಟು ವರ್ಷ ಅದನ್ನು ಕೇಳಿ ಸಿಟ್ಟಾದವಳು ನಾನು. ನೀನು ಅಂಗಡಿ ನೋಡಿಕೊಳ್ಳಲು ಬರುತ್ತೇನೆ ಎಂದಿದ್ದ ದಿನಕ್ಕೆ ಸರಿಯಾಗಿ ಬಂದಿದ್ದೀಯ. ಬೀಗ ಕೆಳಗಿಟ್ಟೆ. ಕುರ್ಚಿಯನ್ನು ಗೋಡೆಯ ಹತ್ತಿರ ಎಳೆದುಕೊಂಡು ಕೂತೆ. ಡಾಕ್ಟರಿಗೆ ಆಮೇಲೆ ಹೇಳಿದರಾಯಿತು. ಕೈ ಹೇಗೂ ಈಗ ನೋಯುತ್ತಿಲ್ಲ, ಏನೂ ಅನ್ನಿಸುತ್ತಿಲ್ಲ. ಈ ಅಕ್ಷರಗಳು ಹಾಳೆಯ ಅಂಚಿನ ಕಡೆಗೇ ವಾಲುತ್ತಿದ್ದರೆ ಸಹಿಸಿಕೋ.

ಬೆಳಗಾಗಿದೆ. ಮುಂದಿನ ಗಾಜಿನಿಂದ ಬಿಸಿಲು ಒಳಗೆ ಬಂದಿದೆ, ಅದು ಸರಿದ ಹಾಗೆ ಕುರ್ಚಿಯೂ ಸ್ವಲ್ಪ ಸ್ವಲ್ಪ ಸರಿಯುತ್ತಿದೆ. ನೀನು ಹೇಳಿದ್ದು ನಿಜ, ಬಹಳ ನೆಮ್ಮದಿಯ ಕೆಲಸ. ಗಿರಾಕಿ ಯಾರೋ ಬಾಗಿಲು ತಟ್ಟುತ್ತಿದ್ದಾರೆ. ತಟ್ಟಲಿ.

ನಾವೆಲ್ಲ ಇಲ್ಲಿ ಕ್ಷೇಮ.

ಇತಿ
ಅಕ್ಕ